ಆಸನಕ್ಕೊಂದು ‘ಹ’ ಹಾಕಿದ ಕಥೆ

ಹೋದ ತಿಂಗಳು ಒಂದು ಮಧ್ಯಾಹ್ನ ಹುರುಳಿಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಫೋನು ಬಂತು. ಗೊತ್ತಿಲ್ಲದ ನಂಬರು. ಸೈಟು ಬೇಕಾ ಮೇಡಂ ಎಂದು ಪೀಡಿಸುವವರಿರಬೇಕು, ಸರಿಯಾಗಿ ಬೈದು ಇಡೋಣ ಎಂದುಕೊಂಡೇ ಎತ್ತಿದೆ.

“ಅಕ್ಕ, ನಾನು ಪುಟ್ಟಲಕ್ಷ್ಮಿ” ಎಂದಿತು ಆ ಕಡೆಯ ದನಿ.

ಒಗ್ಗರಣೆ ಸೀದುಹೋಯಿತು. ಹದಿನಾಲ್ಕು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟವಳು ಈಕೆ. (ನಾನೂ ಆಡಿಸಿರಲಿಲ್ಲ ಎನ್ನಿ. ಅವಳಿಗೇ ಅಷ್ಟು ಬಿಗುಮಾನ ಇದ್ದರೆ ನನಗೆಷ್ಟಿರಬೇಡ?) ಅವಳ ತಾಯಿ ತೀರಿಕೊಂಡು ವರ್ಷವಾಗುತ್ತಾ ಬಂತಂತೆ. ವರ್ಷದ ಕಾರ್ಯಕ್ಕೆ ನೆಂಟರೆಲ್ಲ ಊರಿನಲ್ಲಿ ಸೇರುತ್ತಾರಂತೆ. ಅವತ್ತು ಎಲ್ಲರ ಮುಂದೆ ಅವ್ವನ ಮಾತನ್ನು, ಅವ್ವ ಆಡಿದ ಹಾಗೇ, ಓದಬೇಕು ಎಂದು ಅವಳಿಗೆ ಆಸೆ. ಅದಕ್ಕೇ ನನ್ನ ಹತ್ತಿರ ಕೇಳುವುದಿತ್ತು.

“ನಮ್ ಬ್ಲಾಗಲ್ಲಿ ನೀವು ತಿದ್ದಕ್ ಮುಂಚೆ ಇತ್ತಲ್ಲ ಅಕ್ಕ, ಅದು ಎಲ್ಲಾದ್ರೂ ಉಳ್ಕೊಂಡೈತಾ?”

ಉಳಿದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಡುಕುತ್ತೀನಿ ಎಂದೆ.

ನಿಮ್ಮಲ್ಲಿ ಚಿಕ್ಕವರಿಗೆ ಬ್ಲಾಗು ಎಂದರೆ ಏನು ಎಂದು ಹೇಳಬೇಕಾಗಬಹುದು. ಮೂವತ್ತು ಸೆಕೆಂಡಿನ ವಿಡಿಯೋಗಳು ಬರುವುದಕ್ಕೆ ಮುಂಚೆ ನಾವು ಇಂಟರ್‌ನೆಟ್ಟಿನಲ್ಲಿ ಉದ್ದುದ್ದ ಬರೆಯುತ್ತಿದ್ದೆವು ಸ್ವಾಮಿ. ಯಾರೂ ಕೇಳದಿದ್ದರೂ ಬರೆಯುತ್ತಿದ್ದೆವು. ‘ತುಂಬಾ ಚೆನ್ನಾಗಿದೆ’ ಎಂದು ಒಂದು ಕಾಮೆಂಟು ಬಂದರೆ ಆ ವಾರವೆಲ್ಲ ಮನೆಯವರಿಗೆ ಹೋಳಿಗೆ. ಬರಹದ ಬಲಗಡೆಗೆ ಸೈಡ್‌ಬಾರು ಎಂದು ಉದ್ದನೆಯ ಪಟ್ಟಿ. ಅಲ್ಲಿ ಎಷ್ಟು ಜನ ಬಂದರು ಎಂದು ಎಣಿಸುವ ಮೀಟರು, ಗೆಳೆಯರ ಬ್ಲಾಗುಗಳ ಹೆಸರು, ಒಂದು ಗಡಿಯಾರ. (ನಮ್ಮ ಓದುಗರ ಮನೆಯಲ್ಲಿ ಗಡಿಯಾರ ಇರಲಿಲ್ಲವೇ?) ಭಾನುವಾರವೆಲ್ಲ ಆ ಗಡಿಯಾರವನ್ನು ಮೇಲಕ್ಕೆ ಕೆಳಕ್ಕೆ ಸರಿಸುತ್ತ ಕೂತಿರುತ್ತಿದ್ದೆ. ಎಂಥ ಸುಖ ಅದು! ಈಗ ಅಂಥ ಭಾನುವಾರ ಒಂದೂ ಬರುವುದಿಲ್ಲ.

ಆಗ ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಪುಟ್ಟಲಕ್ಷ್ಮಿ ಅಲ್ಲಿ ಲೈಬ್ರೇರಿಯನ್. ಅರಕಲಗೂಡು ಕಡೆಯ ಒಕ್ಕಲು ಮನೆಯವಳು. ಅವಳ ಅವ್ವ ಆಗಾಗ ಬಂದು ಮಗಳ ಬಾಡಿಗೆ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಸಂಜೆ ಅವರೆಕಾಯಿ ಸುಲಿಯುತ್ತ ಅವ್ವ ಮಾತಿಗೆ ಕೂತರೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಆ ಮಾತನ್ನು ಪುಟ್ಟಲಕ್ಷ್ಮಿ ಮಾರನೆಯ ದಿನ ಊಟದ ಬಿಡುವಿನಲ್ಲಿ ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು ನೇರವಾಗಿ ಬ್ಲಾಗಿಗೆ ಕುಟ್ಟುತ್ತಿದ್ದಳು. ನೋಟುಬುಕ್ಕಿಲ್ಲ, ಪ್ರತಿಯಿಲ್ಲ, ಎಲ್ಲಾ ನೆನಪಿನಿಂದಲೇ.

ಅವ್ವನ ಬಾಯಲ್ಲಿ ‘ಹ’ ಎಂಬ ಅಕ್ಷರವೇ ಇರಲಿಲ್ಲ. ಹಾಲು ಆಲು, ಹಸು ಅಸು, ಹಾಸನ ಆಸನ. ಪುಟ್ಟಲಕ್ಷ್ಮಿ ಅದನ್ನು ಹಾಗೇ ಬರೆದಳು. ಬ್ಲಾಗಿನ ಹೆಸರೂ ‘ಆಸನದ ಸೀಮೆ ಅವ್ವ’ ಎಂದೇ ಆಯಿತು. ನಾನೂ ನಕ್ಕು ಒಪ್ಪಿದೆ.

ಅದರ ಟೆಕ್ನಿಕಲ್ ಹೆಡ್ಡು ನಾನು. (ನಗಬೇಡಿ, ಇದ್ದವರಲ್ಲಿ ನಾನೇ ವಾಸಿ.) ಎಲ್ಲೋ ಓದಿದೆ, ಸೈಡ್‌ಬಾರಿನಲ್ಲಿ ಅಫಿಲಿಯೇಟ್ ಆರೆಸ್ಸೆಸ್ ಫೀಡು ಹಾಕಬಹುದಂತೆ ಎಂದು. (ನೀವು ಅಂದುಕೊಂಡ ಆರೆಸ್ಸೆಸ್ ಅಲ್ಲ.) ಏನಿಲ್ಲ, ಆನ್‌ಲೈನ್ ಅಂಗಡಿಯವರು ತಮ್ಮ ಸರಕಿನ ಪಟ್ಟಿಯನ್ನು ನಮ್ಮ ಬ್ಲಾಗಿನ ಪಕ್ಕಕ್ಕೆ ಕಳಿಸುತ್ತಾ ಇರುತ್ತಾರೆ. ಹೊಸ ಸರಕು ಬಂದ ಹಾಗೆ ಪಟ್ಟಿ ತಾನಾಗಿ ಬದಲಾಗುತ್ತದೆ. ಯಾರಾದರೂ ಅದನ್ನು ಒತ್ತಿ ಕೊಂಡರೆ ನಮಗೆ ಕಮಿಷನ್ನು. ಬಂತಾ ಎಂದು ಮಾತ್ರ ಕೇಳಬೇಡಿ.

ನನಗೆ ಕಮಿಷನ್ನಿಗಿಂತ ಅವ್ವನ ಮಾತಿನ ಪಕ್ಕ ನಮ್ಮ ಸೀಮೆಯ ಪುಸ್ತಕಗಳು ಬಂದು ಕೂರಲಿ ಎಂಬ ಆಸೆ. ಯಾವ ವಿಷಯದ ಸರಕು ಬೇಕು, ಒಂದು ಪದ ಕೊಡಿ ಎಂದಿತು ಅಂಗಡಿ. ಬ್ಲಾಗಿನ ಹೆಸರಿನ ಮೊದಲ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಆಸನ.

ಏನು ಬಂದಿರಬಹುದು ಹೇಳಿ?

ಯೋಗದ ಚಾಪೆ! ಯೋಗದ ಪ್ಯಾಂಟು, ಯೋಗದ ಸಿಡಿ, ಧ್ಯಾನಕ್ಕೆ ಕೂರುವ ದಿಂಬು. ಅವ್ವ ರಾಗಿ ಬೀಸಿದ ಕಥೆಯ ಪಕ್ಕದಲ್ಲೇ ಬಿಗಿ ಪ್ಯಾಂಟಿನ ವಿದೇಶಿ ಹೆಂಗಸೊಬ್ಬಳು ಶೀರ್ಷಾಸನ ಹಾಕಿ ನಿಂತಿದ್ದಳು. ಒಂದು ದಿನ ಅವ್ವ ಕಾಲೇಜಿಗೆ ಬಂದಾಗ ತೋರಿಸಿದೆವು. ತನ್ನ ಬರಹ ನೋಡುವುದು ಬಿಟ್ಟು ಅವಳನ್ನೇ ನೋಡಿತು. “ಈ ಎಂಗ್ಸು ಯಾಕವ್ವ ತಲೆಕೆಳ್ಗಾಗವ್ಳೆ, ಯಾರೂ ಎತ್ತಾದಿಲ್ವಾ?” ಎಂದು ಕೇಳಿತು. ನಾನೂ ಪುಟ್ಟಲಕ್ಷ್ಮಿಯೂ ಲೈಬ್ರರಿ ಎನ್ನುವುದನ್ನೂ ಮರೆತು ನಕ್ಕೆವು.

ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. ಸ್ಟಾಫಿಗೆ ಯಾವಾಗಿನಿಂದ ಯೋಗ ಕ್ಲಾಸು ಎಂದು ಕೇಳಿದರು. ನನಗೆ ಅವಮಾನವಾಯಿತು. ಪದ ಬದಲಾಯಿಸಿ ಹಾಸನ ಎಂದು ಹಾಕಿದೆ. ಇಂಗ್ಲಿಷಿನಲ್ಲಿ ಹಾಸನಕ್ಕೂ ಹಸನ್ ಎಂಬ ಹೆಸರಿಗೂ ಕಾಗುಣಿತ ಒಂದೇ ನೋಡಿ. ಹಸನ್ ಎಂಬ ಲೇಖಕರ ಕಾದಂಬರಿಗಳೂ ಮೊರಾಕ್ಕೋ ದೇಶದ ಪ್ರವಾಸದ ಪುಸ್ತಕಗಳೂ ಅತ್ತರಿನ ಶೀಶೆಗಳೂ ಬಂದು ಕೂತವು. ಪರವಾಗಿಲ್ಲ, ಚಿತ್ರದಲ್ಲಿದ್ದವರಿಗೆ ಬಟ್ಟೆಯಾದರೂ ಮೈತುಂಬ ಇತ್ತು.

ಎಡವಟ್ಟು ಶುರುವಾದದ್ದು ಅಲ್ಲಿಂದ. ನಾನು ಹೊಳೆನರಸೀಪುರದ ಪುರೋಹಿತರ ಮನೆಯವಳು. ಚಿಕ್ಕವಳಿದ್ದಾಗ ನಮ್ಮಪ್ಪ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ‘ಹ’ ಇಲ್ಲಿಂದ ಬರಬೇಕು ಎಂದು ಹೇಳಿಸುತ್ತಿದ್ದರು. ಅಂಥವಳ ತಲೆಯಲ್ಲಿ ಒಂದು ಹುಳ ಹೊಕ್ಕಿತು: ಇಷ್ಟಕ್ಕೆಲ್ಲ ಕಾರಣ ಆ ಬಿಟ್ಟುಹೋದ ‘ಹ’. (ಕಾರಣ ನನ್ನ ದಡ್ಡತನ. ಅದು ಹೊಳೆಯಲಿಲ್ಲ.) ಒಂದು ರಜೆಯ ಮಧ್ಯಾಹ್ನ ಬ್ಲಾಗಿನ ಹೆಸರನ್ನು ‘ಹಾಸನದ ಸೀಮೆ ಅವ್ವ’ ಎಂದು ತಿದ್ದಿದೆ. ಹೆಸರಿನಲ್ಲಿ ‘ಹ’ ಇದ್ದು ಒಳಗಿಲ್ಲದಿದ್ದರೆ ಹೇಗೆ? ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆಯಲ್ಲ, ಒಂದು ಪದ ಕೊಟ್ಟರೆ ಇದ್ದಲ್ಲೆಲ್ಲ ಅದನ್ನು ಬದಲಾಯಿಸಿಬಿಡುವ ಗುಂಡಿ? ‘ಹ’ ಬಿಟ್ಟ ಪದಗಳ ಮೊದಲೆರಡು ಅಕ್ಷರವನ್ನು ಒಂದೊಂದಾಗಿ ಕೊಟ್ಟು ಅದನ್ನು ಒತ್ತಿದೆ. ಮೂವತ್ತೊಂದು ಬರಹ, ಒಂದೇ ಗಂಟೆ. ಮಗುವಿಗೆ ಎಣ್ಣೆನೀರು ಹಾಕಿ ಮಲಗಿಸಿದಷ್ಟು ಸಮಾಧಾನವಾಯಿತು.

ಪುಟ್ಟಲಕ್ಷ್ಮಿಯನ್ನು ಕೇಳಿದೆನಾ? ಇಲ್ಲ. ತಿದ್ದಿದ ಮೇಲೆ ಒಂದು ಸಲವಾದರೂ ಓದಿ ನೋಡಿದೆನಾ? ಅದೂ ಇಲ್ಲ.

ರಜೆ ಮುಗಿಸಿ ಬಂದವಳು ಬ್ಲಾಗು ತೆರೆದು ಬಹಳ ಹೊತ್ತು ಕೂತಿದ್ದಳು. ತಿದ್ದಿದ್ದೀರಾ ಅಕ್ಕ, ಎಂದಳು. ಹೂಂ ಎಂದೆ, ಹೊಗಳುತ್ತಾಳೆ ಎಂದುಕೊಂಡು. ಆಮೇಲೆ ಅವಳು ಒಂದು ಸಾಲೂ ಬರೆಯಲಿಲ್ಲ. ಮುಂದಿನ ವರ್ಷ ಅರಕಲಗೂಡಿಗೆ ಕೆಲಸ ಹಾಕಿಸಿಕೊಂಡು ಹೊರಟೇಹೋದಳು. ಬಿಟ್ಟಿ ಚಾಕರಿ ಮಾಡಿಕೊಟ್ಟರೆ ಇವಳಿಗೆ ಇಷ್ಟು ಸಿಟ್ಟೇ ಎಂದು ನಾನೂ ಮುಖ ತಿರುಗಿಸಿದೆ.

ಈಗ ಬ್ಲಾಗಿನ ಪಾಸ್‌ವರ್ಡು ನೆನಪಿಸಿಕೊಳ್ಳಲು ಎರಡು ದಿನ ಹಿಡಿಯಿತು. ತೆರೆದರೆ ಗಡಿಯಾರ ಇರಲಿಲ್ಲ. ಗೆಳೆಯರ ಬ್ಲಾಗುಗಳಲ್ಲಿ ಒಂದೂ ಬದುಕಿರಲಿಲ್ಲ. ಅಂಗಡಿಯ ಫೀಡು ಇದ್ದ ಕಡೆ ‘ಸಿಗುತ್ತಿಲ್ಲ’ ಎಂಬ ಒಂದು ಸಾಲು ಮಾತ್ರ. ಆ ಅಂಗಡಿಯೇ ಮುಚ್ಚಿ ಎಷ್ಟು ಕಾಲವಾಯಿತೋ. ನನ್ನ ಯೌವನದ ಭಾನುವಾರಗಳೆಲ್ಲ ಅಲ್ಲಿ ಖಾಲಿ ಚೌಕಗಳಾಗಿ ನಿಂತಿದ್ದವು. ಅಳು ಬಂತು ಎಂದರೆ ನಂಬುತ್ತೀರಾ?

ತಿದ್ದುವ ಮುಂಚಿನ ಬರಹ ಎಲ್ಲೂ ಇಲ್ಲ. ಕಾಲೇಜಿನ ಕಂಪ್ಯೂಟರು ಗುಜರಿಗೆ ಹೋಗಿದೆ. ಆಗ ಹೊಳೆಯಿತು, ಫೀಡು ಅಂಗಡಿಯವರಿಗೆ ಮಾತ್ರ ಇರುವುದಲ್ಲ, ನಮ್ಮ ಬ್ಲಾಗಿಗೂ ಒಂದಿತ್ತು. ಯಾರಾದರೂ ಇಮೇಲು ಕೊಟ್ಟು ಸೇರಿಕೊಂಡರೆ ಅದು ಹಳೆಯದನ್ನೆಲ್ಲ ಮೊದಲು ಕಳಿಸಿ, ಆಮೇಲೆ ನಾವು ಹೊಸದು ಹಾಕಿದ ಕೂಡಲೇ ಒಂದು ಪ್ರತಿ ಕಳಿಸುತ್ತಿತ್ತು. ಕಳಿಸಿದ್ದು ಕಳಿಸಿದ್ದೇ. ನಾವು ಇಲ್ಲಿ ಕೂತು ಎಷ್ಟೇ ತಿದ್ದಿದರೂ ಅಲ್ಲಿನ ಪ್ರತಿ ಬದಲಾಗುವುದಿಲ್ಲ. ನಾವಿಬ್ಬರೂ ಸೇರಿರಲಿಲ್ಲ, ಸ್ವಂತ ಬ್ಲಾಗಿಗೆ ಯಾರು ಸೇರುತ್ತಾರೆ? ಆದರೆ ಹೊಸಬರು ಸೇರಿದಾಗಲೆಲ್ಲ ನನಗೊಂದು ಮೇಲು ಬರುತ್ತಿತ್ತು. ಹುಡುಕಿದೆ. ಒಂಬತ್ತು ಜನ.

ಒಂಬತ್ತೂ ಜನಕ್ಕೆ ಬರೆದೆ. ಆರು ಹೋದ ಹಾಗೇ ವಾಪಸು ಬಂದವು. ಇಬ್ಬರು ಉತ್ತರಿಸಲಿಲ್ಲ. ಒಂಬತ್ತನೆಯವರು ನಾಲ್ಕು ದಿನದ ಮೇಲೆ ಫೋನು ಮಾಡಿದರು. ಶ್ರವಣಬೆಳಗೊಳದಲ್ಲಿ ಚಿಕ್ಕದೊಂದು ಲಾಡ್ಜು ನಡೆಸುವವರು. ಸೊಂಟನೋವಿಗೆ ಯೋಗ ಮಾಡಿ ಎಂದು ಡಾಕ್ಟರು ಹೇಳಿದ್ದರಂತೆ. ಹುಡುಕುವಾಗ ನಮ್ಮ ಬ್ಲಾಗಿನ ಪಕ್ಕದ ಚಾಪೆ ಕಂಡು, ಇದು ಯೋಗಾಸನದ ಬ್ಲಾಗು ಎಂದೇ ಸೇರಿಕೊಂಡರಂತೆ.

“ಬತ್ತಾ ಬತ್ತಾ ನೋಡುದ್ರೆ ಯೋಗ ಎಲ್ಲೈತೆ, ಬರೀ ಅಜ್ಜಿ ಮಾತು. ನಮ್ಮಜ್ಜೀನೂ ಇಂಗೇ ಮಾತಾಡೋದು ಮೇಡಂ. ಅದ್ಕೇ ಅಳಿಸ್ನಿಲ್ಲ” ಎಂದರು. ಮೂವತ್ತೊಂದೂ ಮೇಲುಗಳನ್ನು ‘ಯೋಗ’ ಎಂದು ಹೆಸರಿಟ್ಟು ಒಂದು ಕಡೆ ಇಟ್ಟುಕೊಂಡಿದ್ದರು. ಅಜ್ಜಿ ಈಗ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಸಂಜೆಯೊಳಗೆ ಎಲ್ಲಾ ಕಳಿಸುತ್ತೇನೆ ಎಂದರು. ಕಳಿಸಿದರು.

ಒಂದು ಕಡೆ ಅವರ ಮೇಲು, ಇನ್ನೊಂದು ಕಡೆ ನನ್ನ ಶುದ್ಧ ಕನ್ನಡದ ಬ್ಲಾಗು ಇಟ್ಟುಕೊಂಡು ಓದಿದೆ. ಅಯ್ಯೋ ದೇವರೇ. ‘ದೀಪಕ್ಕೆ ಎಣ್ಣೆ’ ಇದ್ದದ್ದು ‘ದೀಪಕ್ಕೆ ಹೆಣ್ಣೆ’ ಆಗಿತ್ತು. ಗಂಡ ಸತ್ತಾಗ ಅವ್ವ ‘ಅತ್ತು ಅತ್ತು’ ಸಾಕಾಗಿದ್ದು ‘ಹತ್ತು ಹತ್ತು’ ಆಗಿತ್ತು. ಇದನ್ನೆಲ್ಲ ಪಾಠ ಮಾಡುವವಳು ತಿದ್ದಿದ್ದು!

ಅಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಕೊನೆಯ ಬರಹದಲ್ಲಿ ಅವ್ವ ತನ್ನ ಮಕ್ಕಳ ವಿಚಾರ ಹೇಳಿತ್ತು. ಪುಟ್ಟಲಕ್ಷ್ಮಿ ಬರೆದದ್ದು ಹೀಗೆ: ‘ಏಳು ಮಕ್ಳ ಎತ್ತೆ. ಅದ್ರಲ್ಲಿ ಇವ್ಳೊಬ್ಳೇ ಓದೋಳು.’ ಏಳು ಮಕ್ಕಳಲ್ಲಿ ಓದುವವಳು ಇವಳೊಬ್ಬಳೇ ಎಂದು. ನನ್ನ ಗುಂಡಿ ಅದನ್ನು ಹೀಗೆ ಮಾಡಿತ್ತು: ‘ಹೇಳು ಮಕ್ಳ ಹೆತ್ತೆ. ಅದ್ರಲ್ಲಿ ಇವ್ಳೊಬ್ಳೇ ಹೋದೋಳು.’

ಹೋದವಳು. ಬಿಟ್ಟುಹೋದವಳು.

ತಾಯಿ ಮಗಳ ಬಗ್ಗೆ ಹೆಮ್ಮೆಯಿಂದ ಆಡಿದ ಮಾತನ್ನು ನಾನು ದೂರು ಮಾಡಿಟ್ಟಿದ್ದೆ.

ಕಾರ್ಯದ ದಿನ ಬೆಳಿಗ್ಗೆಯೇ ಪ್ರಿಂಟು ಹಿಡಿದು, ಈಗ ನಾನಿರುವ ಹಾಸನದಿಂದ ಬಸ್ಸು ಹತ್ತಿದೆ. ಊರು ತಲುಪಿದಾಗ ಪುಟ್ಟಲಕ್ಷ್ಮಿ ಹಿತ್ತಲಲ್ಲಿ ಬಾಳೆಎಲೆ ತೊಳೆಯುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನದು ಪೂರ್ತಿ. ಆ ಸಾಲು ತೋರಿಸಿ ಹೇಳಿದೆ, ತಪ್ಪಾಯ್ತು ಕಣೆ, ನೀನು ಸಿಟ್ಟು ಮಾಡಿಕೊಂಡದ್ದು ನ್ಯಾಯ ಎಂದು.

ಅವಳು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು.

“ಸಿಟ್ಟಲ್ಲ ಅಕ್ಕ. ನೀವು ತಿಳ್ದೋರು. ನೀವು ಅಂಗೆ ತಿದ್ದುದ್ ಮೇಲೆ ನಂಗೇ ಅನುಮಾನ ಬಂದ್ಬುಡ್ತು. ಅವ್ವ ಅಂದಿದ್ದೂ ಅದೇ ಇರ್ಬೋದೇನೋ, ನಾನೇ ನನ್ಗೆ ಬೇಕಾದಂಗೆ ಕೇಳುಸ್ಕೊಂಡ್ನೇನೋ ಅಂತ.”

ಹೌದಲ್ಲ! ಅವ್ವನ ಬಾಯಲ್ಲಿ ಓದುವವಳೂ ಓದೋಳು, ಹೋದವಳೂ ಓದೋಳು. ಎರಡೂ ಒಂದೇ. ಮಿಕ್ಕ ಆರು ಮಕ್ಕಳೂ ಕೂಗಿದರೆ ಕೇಳುವಷ್ಟು ದೂರದಲ್ಲೇ ಉಳಿದರು. ಊರು ಬಿಟ್ಟವಳು ಇವಳೊಬ್ಬಳೇ. ಅವ್ವನದು ಹೆಮ್ಮೆಯೋ ದೂರೋ?

ಅಷ್ಟು ವರ್ಷ ಅವ್ವ ಇತ್ತಲ್ಲ, ಕೇಳಬಹುದಿತ್ತಲ್ಲ ಎಂದೆ.

“ಎಂಗ್ ಕೇಳದು ಅಕ್ಕ? ಬುಟ್ಟು ಓದೋಳೇ ಕಣೆ ನೀನು ಅಂದ್ಬುಟ್ಟಿದ್ರೆ?”

ನಾನು ಒಂದು ಗುಂಡಿ ಒತ್ತಿದ್ದಕ್ಕೆ ಇವಳು ಹದಿಮೂರು ವರ್ಷ ಹೆತ್ತ ತಾಯಿಯ ಮುಖ ನೋಡುವಾಗಲೆಲ್ಲ ಇದನ್ನು ನುಂಗಿಕೊಂಡು ಬದುಕಿದ್ದಾಳೆ. ನಾನೂ ಕೂತು ಎಲೆ ತೊಳೆದೆ.

ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಪುಟ್ಟಲಕ್ಷ್ಮಿ ಓದಿದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ದೊಡ್ಡವರು ಥೇಟ್ ಅವ್ವನೇ ಎಂದರು. ಕೊನೆಯ ಬರಹಕ್ಕೆ ಬಂದಾಗ ಅವಳ ದನಿ ಇಳಿಯಿತು. ‘ಏಳು ಮಕ್ಳ ಎತ್ತೆ. ಅದ್ರಲ್ಲಿ ಇವ್ಳೊಬ್ಳೇ ಓದೋಳು.’ ಓದಿ ನಿಲ್ಲಿಸಿದಳು.

ಮೊಸಳೆ ಎಂಬ ಊರಿನಿಂದ ಬಂದಿದ್ದ ಚಿಕ್ಕವ್ವ, ಅವ್ವನ ಖಾಸಾ ತಂಗಿ, ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿತ್ತು. ತಲೆಯೆತ್ತದೆ ತನ್ನ ಪಾಡಿಗೆ ಹೇಳಿತು.

“ಊಂ ಕಣವ್ವ, ಯಾವಾಗ್ಲೂ ಅದ್ನೇ ಅನ್ನೋಳು ನಮ್ಮಕ್ಕ. ನನ್ ಮಗ್ಳು ಪುಸ್ತಕ ಓದೋಳು, ಅದ್ಕೇ ಊರ್ ಬುಟ್ಟು ಓದ್ಲು, ಚೆನ್ನಾಗಿರ್ಲಿ ಅಂತ.”

ಪುಟ್ಟಲಕ್ಷ್ಮಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪಕ್ಕದಲ್ಲಿ ಕೂತಿದ್ದ ನಾನೂ ಅತ್ತೆ.

ಮಾರನೆಯ ದಿನವೇ ಬ್ಲಾಗಿನಲ್ಲಿ ನನ್ನದನ್ನೆಲ್ಲ ಅಳಿಸಿ ಪುಟ್ಟಲಕ್ಷ್ಮಿ ಬರೆದದ್ದನ್ನು ವಾಪಸು ಹಾಕಿದೆ. ಕೆಳಗೆ ಚಿಕ್ಕವ್ವನ ಮಾತನ್ನೂ ಸೇರಿಸಿದೆ, ಅದು ಆಡಿದ ಹಾಗೇ.

ಆ ಮಾತನ್ನು ತಿದ್ದೋಕೆ ನಾನ್ಯಾವಳು, ಹೇಳಿ?