ಮುಟ್ಟಿದರೆ ಜುಮ್ಮೆನ್ನುವ ಗಾಡಿ

ದೇವಾಪುರದ ಕಡೆ ಕಾಲುವೆ ತೋಡುತ್ತಿದ್ದ ವರ್ಷಗಳ ಮಾತು. ಕೂಲಿಗಳ ಕ್ಯಾಂಪಿಗೆ ರೊಟ್ಟಿ ಬಡಿದು ಹಾಕುತ್ತಿದ್ದವಳು ಸಗರದ ತಿಮ್ಮವ್ವ. ಗಂಡ ಸತ್ತ ಮೇಲೆ ಒಂದು ಹಂಚು, ಹಿಟ್ಟು ನಾದುವ ಒಂದು ಪರಾತ ಹೊತ್ತು ಬಂದಿದ್ದಳು. ರಬ್ಬರ್ ಗಾಲಿಯ ತಗಡಿನ ಗಾಡಿಯೇ ಅವಳ ಅಡುಗೆಮನೆ, ಅದೇ ಮಲಗುವ ಮನೆ. ಕಾಲುವೆ ಮುಂದೆ ಸರಿದಂತೆ ಟ್ರ್ಯಾಕ್ಟರು ಅದನ್ನು ಎಳೆದೊಯ್ಯುತ್ತಿತ್ತು.

ತಿಮ್ಮವ್ವನದು ಒಂದು ಕಟ್ಟುನಿಟ್ಟು. ಕಾಲಿನ ಕೆರ ದೂರ ಬಿಟ್ಟು, ಕಾಲು ತೊಳೆದುಕೊಂಡೇ ಊಟದ ಕಿಟಕಿಗೆ ಬರಬೇಕು.

"ಅನ್ನದ ಮುಂದ ಕೆರ ಮೆಟ್ಟಿ ನಿಂದ್ರತಾರೇನ್ರೋ?"

ಆ ಬೇಸಿಗೆ ಗಾಡಿಯನ್ನು ದೊಡ್ಡ ಕರೆಂಟಿನ ತಂತಿಗಳ ಕೆಳಗೆ ತಂದು ನಿಲ್ಲಿಸಿದರು. ಮರುದಿನವೇ ಕೂಲಿ ದ್ಯಾವಪ್ಪ ಕಿಟಕಿಯ ತಗಡಿಗೆ ಕೈ ಇಟ್ಟವನು ತಾಟು ಬಿಸಾಕಿ ಹಿಂದಕ್ಕೆ ಜಿಗಿದ.

"ಯವ್ವಾ! ಗಾಡಿ ಕಚ್ಚತದ!"

"ರೊಟ್ಟಿ ನೀ ಕಚ್ಚಬೇಕಪಾ, ಗಾಡಿ ನಿನ್ನ ಯಾಕ ಕಚ್ಚತದ?" ಎಂದಳು ತಿಮ್ಮವ್ವ.

ಎಲ್ಲರೂ ನಕ್ಕರು. ಆದರೆ ಎರಡು ದಿನದಲ್ಲಿ ಇನ್ನೂ ಆರು ಜನರ ಕೈ ಜುಮ್ಮೆಂದಾಗ ನಗು ನಿಂತಿತು. "ಮ್ಯಾಲಿನ ತಂತಿಗಿ ಕೊಕ್ಕಿ ಹಾಕಿ ಕರೆಂಟ್ ಕದಿಯಾಕತ್ತಾಳ" ಎಂದು ಕೆಲವರು. "ಏನೋ ಮಾಟ ಮಾಡಿಸ್ಯಾಳ" ಎಂದು ಕೆಲವರು. ಗಾಡಿಯಿಂದ ಇಳಿಯುವಾಗ ತಿಮ್ಮವ್ವನ ಕೈಗೂ ಒಮ್ಮೊಮ್ಮೆ ಹೊಡೆಯುತ್ತಿತ್ತು. ಹೇಳಿದರೆ ತಪ್ಪೊಪ್ಪಿಕೊಂಡಂತೆ ಎಂದು ನುಂಗಿಕೊಂಡಳು. ರೊಟ್ಟಿ ಉಳಿಯತೊಡಗಿದವು.

ಮೇಸ್ತ್ರಿ ಚನ್ನಯ್ಯ ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ ಬಂದು ಗಾಡಿಯ ಮೈ ಬಡಿದ. ಏನೂ ಆಗಲಿಲ್ಲ. ಹಿಟ್ಟಿನ ಚೀಲ, ಹಾಸಿಗೆ ಎಲ್ಲ ಕೆದರಿದ. ವೈರು ಸಿಗದಿದ್ದಕ್ಕೆ ಅನುಮಾನ ಇನ್ನೂ ಬಲಿಯಿತು.

"ನಾ ಬರೂದು ನೋಡಿ ತಗದಿ. ನಾಳಿ ಗಾಡಿ ಖಾಲಿ ಮಾಡು. ಬ್ಯಾರೆ ಅಡಗಿಯಾಕಿ ಬರ್ತಾಳ."

ತಿಮ್ಮವ್ವನಿಗೆ ಸೇರಲು ಬೇರೆ ಮನೆ ಇರಲಿಲ್ಲ. ಸಂಜೆ ದ್ಯಾವಪ್ಪ ನೀರಿಗೆ ಬಂದ, ಸಿಟ್ಟಿಗೆ ಬೇಕಂತಲೇ ರಬ್ಬರಿನ ಕೆರ ಮೆಟ್ಟಿಕೊಂಡು. ಬೈಯಲು ಬಾಯಿ ತೆರೆದವಳು ಕಿಟಕಿಯತ್ತ ನೋಡಿದಳು. ಅವನ ಕೈ ತಗಡಿನ ಮೇಲಿತ್ತು, ಅವನು ಜಿಗಿಯಲಿಲ್ಲ.

"ದ್ಯಾವಪ್ಪಾ, ಕೆರ ಬಿಟ್ಟು ಮುಟ್ಟು."

"ನನ್ನ ಕೊಲ್ಲತಿ ಏನಬೇ?"

ಅವಳೇ ಕೆಳಗಿಳಿದು ಅವನ ಕೆರ ಮೆಟ್ಟಿ ಮುಟ್ಟಿದಳು. ಏನಿಲ್ಲ. ಕಾಲು ತೊಳೆದು ಬರಿಗಾಲಲ್ಲಿ ಮುಟ್ಟಿದಳು. ಜುಮ್!

ಬೆಳಿಗ್ಗೆ ಮೇಸ್ತ್ರಿ ಬಂದಾಗ ಕೂಲಿಗಳೆಲ್ಲ ಸೇರಿದ್ದರು. ತಿಮ್ಮವ್ವ ಕಿಟಕಿಯಲ್ಲಿ ಬಿಸಿ ರೊಟ್ಟಿ ಇಟ್ಟಳು.

"ಹೋಗತೀನ್ರಿ. ಕಡೀ ರೊಟ್ಟಿ ತಿನ್ರಿ. ಬೂಟ್ ಬಿಡ್ರಿ, ಕಾಲ ತೊಳಕೋರಿ."

ಅಷ್ಟು ಜನರ ಮುಂದೆ ಅನ್ನ ಬೇಡವೆನ್ನುವಂತಿರಲಿಲ್ಲ. ಚನ್ನಯ್ಯ ಕಾಲು ತೊಳೆದು ಬಂದು ಕಿಟಕಿಗೆ ಕೈ ಇಟ್ಟ.

"ಅಯ್ಯಪ್ಪೋ!"

"ನಿಮಗೂ ನಾನೇ ಮಾಟ ಮಾಡಿಸೀನೇನ್ರಿ ಮೇಸ್ತ್ರಿ? ಬೂಟ್ ಹಾಕ್ಕೊಂಡು ಮುಟ್ರಿ ಈಗ."

ಮುಟ್ಟಿದ. ಏನಿಲ್ಲ. ಕೂಡಲೇ ಲೈನ್‌ಮನ್ ಅಂಬ್ರಪ್ಪನನ್ನು ಕರೆಸಿದರು. ಅವನು ಮೇಲೆ ನೋಡಿದ, ಗಾಲಿ ನೋಡಿದ.

"ತಂತಿ ಮುಟ್ಟದಿದ್ರೂ ಅದರ ಕೆಳಗಿನ ತಗಡಿಗಿ ಕರೆಂಟ್ ಏರತದ್ರಿ. ರಬ್ಬರ್ ಗಾಲಿ ನೆಲಕ್ಕ ಇಳೀಗೊಡಂಗಿಲ್ಲ. ಹಸಿಗಾಲಾಗ ಮುಟ್ಟಿದವ್ರ ಮೈಯಾಗಿಂದ ಇಳೀತದ. ಮೊದಲ ಇಲ್ಲಿಂದ ಎಳೀರಿ."

ಟ್ರ್ಯಾಕ್ಟರು ಗಾಡಿಯನ್ನು ತಂತಿಯಿಂದ ದೂರದ ಬಯಲಿಗೆ ಎಳೆಯಿತು, ತಿಮ್ಮವ್ವನ ಗಂಟುಮೂಟೆ ಒಳಗೇ ಇದ್ದವು. ಮಧ್ಯಾಹ್ನ ಅವಳು ಬರಿಗಾಲಲ್ಲಿ ನಿಂತು ತಗಡು ಹಿಡಿದು ತೋರಿಸಿದ ಮೇಲೆ ಒಬ್ಬೊಬ್ಬರೇ ತಾಟು ಹಿಡಿದು ಬಂದರು. ಮೇಸ್ತ್ರಿ ಮಾತ್ರ ಗಾಡಿಯ ಹಿಂದೆ ಹೋಗಿ, ಬಗ್ಗಿ ಅಡಿ ಇಣುಕುತ್ತಿದ್ದ.

"ಕೊಕ್ಕಿ ಹುಡುಕೂದು ಮುಗೀತೇನ್ರಿ?" ಎಂದಳು ತಿಮ್ಮವ್ವ. "ರೊಟ್ಟಿ ಆರಾಕತ್ತಾವ, ಬರ್ರಿ."