ಹಕ್ಕಲಿನ ಪಾಲು

ಬಡವ-ಬಲ್ಲಿದರ ಅಂತರ ಸೃಷ್ಟಿಯ ನಿಯಮ, ದೇಶ ಎಷ್ಟೇ ಮುಂದುವರಿದರೂ ಅದು ಅಳಿಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹೀಗೆ ಹೇಳುವವರು ಸಾಮಾನ್ಯವಾಗಿ ನೆರಳಿನಲ್ಲಿ ಕುಳಿತಿರುತ್ತಾರೆ. ಹೋದ ಸುಗ್ಗಿಯಲ್ಲಿ ನಾನೂ ಸರಸಂಬಾದ ನಮ್ಮ ಹೊಲದ ಬೇವಿನ ಕೆಳಗೆ ಕುಳಿತಿದ್ದೆ.

ತೊಗರಿ ಕೊಯ್ದ ಮೇಲೆ ಉದುರಿದ ಕಾಯಿ ಆಯ್ದುಕೊಳ್ಳುವ ಹಕ್ಕಲು ನಮ್ಮಲ್ಲಿ ಬಡವರ ಪಾಲು. ನಮಗೆ ಹೊಲ ಅಜ್ಜನಿಂದ ಬಂದಂತೆ, ನಮ್ಮಲ್ಲಿ ಕೂಲಿ ಮಾಡುವ ಮುದುಕಿಗೆ ಈ ಹಕ್ಕಲು ಅವಳ ಅಜ್ಜಿಯಿಂದ ಬಂದಿತ್ತು. ಅಜ್ಜ ಇದನ್ನು ದಾನವೆನ್ನುತ್ತಿದ್ದ. ಕೂಲಿ ಕಡಿಮೆ ಕೊಡುವಾಗ ತಪ್ಪದೆ ನೆನಪಿಸುತ್ತಿದ್ದ.

ಆ ಸಲ ಕೊಯ್ಯಲು ಮಷೀನು ಬಂತು. ಮುದುಕಿ ಹೋಗಿ ಅದರ ಮುಂದೆ ನಿಂತಳು.

“ಏ ತಮ್ಮಾ, ಬದುವಿನ ಕಡಿ ಒಂದ್ ಸಾಲು ಬಿಡೋ. ನನ್ನ ವರ್ಷದ ಬ್ಯಾಳಿ ಅದ.”

“ಬೇ ಆಯಿ, ಇದಕ್ಕ ಎಕರೆ ಗೊತ್ತದ, ಧರ್ಮ ಗೊತ್ತಿಲ್ಲ,” ಎಂದ ಮಟಕಿ ಊರಿನ ಮಷೀನು ಡ್ರೈವರ್.

“ನಡಸೋ ಮೂಳಗಾದ್ರ ಗೊತ್ತದೇನಲೇ?”

“ನನಗ ಗೌಡ್ರ ಮಾತು ಗೊತ್ತದ. ಅವರಿಗಿ ಕೇಳು.”

ಇಬ್ಬರೂ ನನ್ನತ್ತ ನೋಡಿದರು. ದೇಶದ ಭವಿಷ್ಯವನ್ನೇ ಕೈಯಲ್ಲಿ ಹಿಡಿದವನ ಗಾಂಭೀರ್ಯದಿಂದ, “ಮುಂದಿನ ವರ್ಷ ನೋಡೋಣು ತಗೋ ಆಯಿ,” ಎಂದೆ.

ಸಂಜೆಗೆ ಹೊಲ ಬೋಳಾಗಿತ್ತು. ಮಷೀನಿನಲ್ಲಿ ಕಾಯಿ ಒಡೆದು ಸಿಡಿದ ಕಾಳು ಎರೆಮಣ್ಣಿನ ಬಿರುಕುಗಳಲ್ಲಿ ಇಳಿದುಹೋಗಿತ್ತು. ಮುದುಕಿ ಕಡ್ಡಿಯಿಂದ ಕೆದಕಿ ಕೆದಕಿ ಎದ್ದಳು.

“ಭೂಮಿನೂ ಗೌಡ್ರ ಕಡೀನೇ ಅದರಿ,” ಎಂದು ಖಾಲಿ ಬುಟ್ಟಿ ಹೊತ್ತು ಹೋದಳು.

ಆ ವರ್ಷದ ತೊಗರಿಬೇಳೆಯನ್ನು ಅವಳು ಆಳಂದದ ಕಿರಾಣಿ ಅಂಗಡಿಯಲ್ಲಿ ಕೊಂಡಳು.