ಬಾಲ್ಕನಿಯ ಚಾಪೆ

ನಿನ್ನ ಮಾತ್ರೆ ನಿಲ್ಲಿಸಿದ್ದು ಡಾಕ್ಟರಲ್ಲ, ಶುಭಾ. ನಾನು. ಅವರು ಸಾಕೆಂದರು ಎಂದು ಹೇಳಿದ್ದು ನನ್ನ ಸುಳ್ಳು.

ನಿನಗಾಗ ಹತ್ತೊಂಬತ್ತು. ಮುಟ್ಟು ನಿಂತು ವರ್ಷವಾಗಿತ್ತು. ಕಲ್ಯಾಣದ ಡಾಕ್ಟರಮ್ಮ ಎರಡೆರಡು ಸಲ ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ಕೇಳಲು ನಿನ್ನನ್ನು ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ — ತಪ್ಪು ಅಲ್ಲಿಂದಲೇ ಶುರು. ಅಂಡಾಶಯ ಈಗಲೇ ಸೋತಿದೆ, ಐವತ್ತರ ಹತ್ತಿರದವರೆಗೂ ಹಾರ್ಮೋನಿನ ಮಾತ್ರೆ ಬೇಕು, ಇಲ್ಲದಿದ್ದರೆ ಮೂಳೆ ಸವೆಯುತ್ತದೆ ಎಂದರು. ನನ್ನ ತಲೆಗೆ ಹೋದದ್ದು ಒಂದೇ — ಇನ್ನು ಇವಳ ಮದುವೆ? ಹೊರಬಂದು ನಿನಗೆ "ಅಶಕ್ತಿ ಅಷ್ಟೇ" ಎಂದೆ.

ನೀನು ಕೆಲವು ತಿಂಗಳು ಮಾತ್ರೆ ನುಂಗಿದೆ, ಮುಟ್ಟೂ ಮರಳಿತು. ಅಷ್ಟರಲ್ಲಿ ನಿನ್ನ ಸೋದರತ್ತೆ ಒಂದು ಸಂಬಂಧ ಹಿಡಿದುಕೊಂಡು ಊರಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದರು. ಮಾತ್ರೆಯ ಸ್ಟ್ರಿಪ್ ಅವರ ಕಣ್ಣಿಗೆ ಬಿತ್ತು. "ಇದು ಮಕ್ಕಳಾಗದ ಹಾಗೆ ತಗೊಳ್ಳುವ ಮಾತ್ರೆ ಅಲ್ವಾ ಮಾರಾಯ್ತಿ? ಇವಳಿಗೆ ಎಂತಕ್ಕೆ?" ಮರುದಿನವೇ ಅದನ್ನು ಕಸಕ್ಕೆ ಹಾಕಿದೆ.

ಮುಟ್ಟು ಮತ್ತೆ ನಿಂತಿತು. ತಿಂಗಳಿಗೆ ಮೂರು ದಿನ ದೂರ ಕೂರುವ ಪದ್ಧತಿಯ ಮನೆ ನಮ್ಮದು. ಬಂದರೆ ತಿಂಗಳುಗಟ್ಟಲೆ ಉಳಿಯುವ ನಿನ್ನ ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಬಾಲ್ಕನಿಯಲ್ಲಿ ಚಾಪೆ ಹಾಸಿದೆ. ಆಗದ ಮುಟ್ಟಿಗೆ ನಿನ್ನನ್ನು ಕೂರಿಸಿದೆ. ಬೇರೆ ತಟ್ಟೆ, ಬೇರೆ ಲೋಟ. ನಿನಗದು ತಮಾಷೆ, ಪುಸ್ತಕ ಹಿಡಿದು ನಗುತ್ತಾ ಕೂತೆ. ಆ ಸಂಬಂಧ ಕೂಡಿಬರಲಿಲ್ಲ. ಆಮೇಲೂ ಅವರು ಬಂದಾಗಲೆಲ್ಲ ಚಾಪೆ ಬಿಚ್ಚಿದೆ. ಮುಟ್ಟು ಯಾಕೆ ಬರುವುದಿಲ್ಲ ಎಂದು ನೀನು ಕೇಳಿದರೆ "ಕೆಲವರಿಗೆ ಹಾಗೇ" ಎನ್ನುತ್ತಿದ್ದೆ. ಮತ್ತೆ ಮಾತ್ರೆ ತರಬಹುದಿತ್ತು — ಆದರೆ ಸುಳ್ಳು ಒಪ್ಪಿಕೊಳ್ಳಬೇಕಿತ್ತಲ್ಲ. ಮುಂದಿನ ತಿಂಗಳು ಹೇಳೋಣ, ಮುಂದಿನ ತಿಂಗಳು ಎನ್ನುತ್ತಲೇ —

ಮೊನ್ನೆ ಥಾಣೆಯ ರೈಲ್ವೆ ಸ್ಟೇಷನ್ ಮೆಟ್ಟಿಲಲ್ಲಿ ನೀನು ಸ್ವಲ್ಪ ಜಾರಿದೆ, ಅಷ್ಟೇ. ಸೊಂಟದ ಮೂಳೆ ಮುರಿಯಿತು. ಮೂವತ್ತರ ಹುಡುಗಿಗೆ ಮುದುಕಿಯ ಮೂಳೆ ಎಂದರು ಈ ಆಸ್ಪತ್ರೆಯ ಡಾಕ್ಟರ್. ಮಾತ್ರೆ ನಿಲ್ಲಿಸಲು ಯಾರು ಹೇಳಿದರು ಎಂದು ಕೇಳಿದರು.

"ಡಾಕ್ಟರ್ ನೇ ಬಂದ್ ಕರ್‌ನೇ ಕೋ ಬೋಲಾ ಥಾ," ಡಾಕ್ಟರೇ ನಿಲ್ಲಿಸಲು ಹೇಳಿದ್ದರು ಎಂದು ಹಿಂದಿಯಲ್ಲಿ ಹೇಳಿ ನೀನು ನನ್ನ ಕಡೆ ತಿರುಗಿದೆ. "ಹೌದಲ್ವಾಮ್ಮಾ?"

ನಾನು ಹೌದೆಂದು ತಲೆಯಾಡಿಸಿದೆ. ಆಗಲೂ.

ನಿನ್ನೆ ಅತ್ತೆ ಊರಿಂದ ಹೊರಟಿದ್ದಾರೆಂದು ಕೇಳಿ, ಮಗ್ಗುಲು ಬದಲಿಸಲಾರದ ನೀನು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದೆ: "ಅಮ್ಮಾ, ಈ ಸಲ ಚಾಪೆ ಮೇಲೆ ಕೂರೋಕೆ ಆಗಲ್ಲ. ಅವರಿಗೆ ಏನು ಹೇಳ್ತೀ?"

ಮಗಳೇ, ಚಾಪೆ ಎಸೆದು ಬಂದಿದ್ದೇನೆ. ನಾಳೆ ಡಾಕ್ಟರ್ ಬಂದಾಗ ಎಲ್ಲವನ್ನೂ ಹೇಳುತ್ತೇನೆ, ಅತ್ತೆ ಇದ್ದರೆ ಅವರೂ ಕೇಳಲಿ. ಈ ಸಲ ನಿನ್ನನ್ನು ಬೆಂಚಿನ ಮೇಲೆ ಕೂರಿಸುವುದಿಲ್ಲ.